ಗಂಟಿಲ್ಲದ ಹಿಂಬದಿ

ನನ್ನ ಕಸೂತಿ ಚಿತ್ರಗಳ ಬೆನ್ನನ್ನು ಯಾರೂ ನೋಡಿಲ್ಲ. ಚೌಕಟ್ಟಿಗೆ ಕೊಡುವ ಮೊದಲೇ ಹಿಂದಕ್ಕೊಂದು ರಟ್ಟು ಇಟ್ಟು, ಅದರ ಮೇಲೆ ಕಂದು ಕಾಗದ ಅಂಟಿಸಿ, ಅಂಚಿಗೆ ಟೇಪು ಸುತ್ತಿಬಿಡುತ್ತೇನೆ. ಗ್ಯಾಲರಿಯವರು ಇದನ್ನು ನನ್ನ ಶಿಸ್ತು ಎಂದುಕೊಂಡಿದ್ದಾರೆ. ಎಪ್ಪತ್ತು ದಾಟಿದ ಹೆಂಗಸು ಏನು ಮಾಡಿದರೂ ಅದನ್ನು ಶಿಸ್ತು ಎನ್ನುವವರು ಸಿಗುತ್ತಾರೆ. ನಿಜ ಏನೆಂದರೆ, ಹತ್ತೊಂಬತ್ತನೆಯ ವಯಸ್ಸಿನಲ್ಲಿ ಒಂದು ಚಿತ್ರದ ಬೆನ್ನನ್ನು ಮುಚ್ಚಿಡಬೇಕಾಗಿ ಬಂತು, ಆಮೇಲೆ ಅದು ಚಾಳಿಯಾಯಿತು.

ನಾನು ಮಾಡುವ ಕೆಲಸ ಇಷ್ಟೇ. ರಾಜರ ಕಾಲದ ತೈಲಚಿತ್ರಗಳು, ಕ್ಯಾಲೆಂಡರಿನಲ್ಲಿ ಅಚ್ಚಾಗಿ ಮನೆಮನೆಯ ಗೋಡೆ ಹತ್ತಿದಂಥವು, ಅವನ್ನು ಬಟ್ಟೆಯ ಮೇಲೆ ದಾರದಲ್ಲಿ ಮತ್ತೆ ಮಾಡುತ್ತೇನೆ. ಸೀರೆಯ ಮಡಿಕೆ, ಮೂಗುತಿ, ಮುಖದ ನೆರಳು ಎಲ್ಲ ಮೂಲದ ಹಾಗೆಯೇ. ಕೈ ಮಾತ್ರ ಬೇರೆ. ಮುತ್ತಿನ ಹಾರ ಹಾಕಿಕೊಂಡ ಹೆಂಗಸಿಗೆ ಗೆಣ್ಣು ದಪ್ಪಗಾದ, ಉಗುರು ಒಡೆದ, ಬಿದಿರು ಸೀಳಿ ಗೀರು ಬಿದ್ದ ಕೈ. ಇದನ್ನು ನೋಡಿ ದೊಡ್ಡ ದೊಡ್ಡವರು ದೊಡ್ಡ ದೊಡ್ಡ ಮಾತು ಬರೆದಿದ್ದಾರೆ. ಕೆಲವು ನನಗೆ ಅರ್ಥವೂ ಆಗಿಲ್ಲ.

ಹೋದ ವರ್ಷ ಕೊಚ್ಚಿಯ ಪ್ರದರ್ಶನದಲ್ಲಿ ಪತ್ರಿಕೆಯ ಹುಡುಗಿಯೊಬ್ಬಳು ಕೇಳಿದಳು, ಈ ಕೈಗಳ ಕಲ್ಪನೆ ನಿಮಗೆ ಹೇಗೆ ಬಂತು ಟೀಚರ್ ಎಂದು. ಕಸೂತಿ ಕಲಿಸುತ್ತಿದ್ದ ಕಾಲದಿಂದ ನನ್ನನ್ನು ಎಲ್ಲರೂ ಟೀಚರ್ ಎಂದೇ ಕರೆಯುತ್ತಾರೆ. ಈ ಪ್ರಶ್ನೆಗೆ ನನ್ನ ಹತ್ತಿರ ಸಿದ್ಧ ಉತ್ತರ ಉಂಟು. ವಯನಾಡಿನ ಗದ್ದೆಗಳಲ್ಲಿ ದುಡಿಯುವವರನ್ನು ನೋಡುತ್ತ ಬೆಳೆದವಳು, ಆ ಕೈಗಳು ಹಾಗೇ ಮನಸ್ಸಿನಲ್ಲಿ ಕೂತಿದ್ದವು ಎನ್ನುತ್ತೇನೆ. ಅವಳು ಕಣ್ಣು ತುಂಬಿಕೊಂಡು ಬರೆದುಕೊಂಡಳು. ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಚಹಾ ಬಂತು, ಕುಡಿದೆ, ಹೇಸಿಗೆಯೂ ಇಳಿಯಿತು. ಅಷ್ಟು ಪಳಗಿದ್ದೆ.

ಆ ದಿನ ಗ್ಯಾಲರಿಯ ಅಂಗಳದಲ್ಲಿ ವಯನಾಡಿನ ಹೆಂಗಸರ ಒಂದು ಗುಂಪು ಬಿದಿರಿನ ಸಾಮಾನು ಮಾರಲು ಕೂತಿತ್ತು. ಊರಿನವರಲ್ಲವೇ ಎಂದು ಹೋಗಿ ಒಂದು ಮೊರ ಎತ್ತಿಕೊಂಡೆ. ತಿರುಗಿಸಿ ಅಂಚು ನೋಡಿದೆ. ಎಲ್ಲಿಯೂ ಕಟ್ಟಿಲ್ಲ, ಗಂಟಿಲ್ಲ. ಪ್ರತಿ ಸೀಳಿನ ಕೊನೆಯನ್ನೂ ಮೂರು ಎಳೆಯ ಅಡಿಗೆ ತೂರಿಸಿ, ಒಂದು ಎಳೆ ಹಿಂದಕ್ಕೆ ತಂದು ಸಿಕ್ಕಿಸಿದ್ದರು. ಅಡಿಗೆ ಮೂರು, ಹಿಂದಕ್ಕೆ ಒಂದು. ಇನ್ನೊಂದು ಅಂಚನ್ನೂ ತಿರುಗಿಸಿ ನೋಡಿದೆ.

ಮೊರದ ಒಡತಿಗೆ ಐವತ್ತೈದು, ಅರವತ್ತು ಇರಬಹುದು. ಯಾವ ಊರೆಂದು ಕನ್ನಡದಲ್ಲೇ ಕೇಳಿದೆ. ಕೇಣಿಚಿರದಿಂದ ಒಳಗೆ, ಊರಾಳಿ ಕುರುಮರ ಹಾಡಿ ಅಂದಳು. ಬುಟ್ಟಿ ಮಡಕೆ ಮಾಡಿ ಬದುಕಿದ ಆ ಬುಡಕಟ್ಟಿನ ಜನ ಮನೆಯಲ್ಲಿ ಆಡುವುದು ನಮ್ಮ ಕನ್ನಡಕ್ಕೆ ಹತ್ತಿರದ ಮಾತು.

‘ಈ ಕೊನೆ ಸಿಕ್ಕಿಸೋದು ಯಾರು ಕಲಿಸಿದ್ದು?’

‘ಅವ್ವ, ಟೀಚರ್. ಅವಳಿಗೆ ಕೈ ಶರಿ ಇರಲಿಲ್ಲ, ಬೆರಳು ಮಡಚ್ತಿರಲಿಲ್ಲ. ಬಾಯಲ್ಲಿ ಹೇಳಿಕೊಟ್ಲು. ತಪ್ಪಿದ್ರೆ ಕಾಲಲ್ಲಿ ತಿವಿಯೋಳು.’ ಹೇಳಿ ನಕ್ಕಳು.

‘ಈಗ?’

‘ಹೋಗಿ ಆರು ವರ್ಷ ಆಯ್ತು.’

ನಾನು ಮೊರ ಕೊಂಡೆ. ಹೇಳಬೇಕಾದ ಒಂದು ಮಾತು ಐವತ್ತು ವರ್ಷದಿಂದ ಬಾಕಿ ಇತ್ತು. ಅದನ್ನು ಬಾಕಿ ಇಟ್ಟುಕೊಂಡೇ ಕಾರು ಹತ್ತಿದೆ.

ನಮ್ಮದು ಎಷ್ಟೋ ತಲೆಮಾರುಗಳ ಹಿಂದೆ ಘಟ್ಟದಾಚೆಯ ಕನ್ನಡ ಸೀಮೆಯಿಂದ ಬಂದು ನೆಲೆಸಿದ ಜೈನರ ಮನೆ. ಗದ್ದೆ, ಕಾಫಿ, ಮೆಣಸು. ಸೂರ್ಯ ಮುಳುಗುವ ಮೊದಲು ಊಟ. ಮನೆಯೊಳಗೆ ಕನ್ನಡ, ಶಾಲೆಗೂ ಸಂತೆಗೂ ಮಲಯಾಳ. ಹೆಣ್ಣುಮಕ್ಕಳ ವಿಷಯದಲ್ಲಿ ಅಂದು ನಮ್ಮ ಕಡೆ ಒಂದು ಪದ್ಧತಿ ಇತ್ತು. ಹೆಣ್ಣು ನೋಡಲು ಬಂದವರು ಕೂರುವ ಪಡಸಾಲೆಯ ಎದುರುಗೋಡೆಗೆ, ಆ ಹುಡುಗಿಯೇ ಹಾಕಿದ ಒಂದು ದೊಡ್ಡ ಕಸೂತಿ ಚಿತ್ರ ಗಾಜಿನೊಳಗೆ ತೂಗುತ್ತಿರಬೇಕು. ಹುಡುಗಿಯ ತಾಳ್ಮೆ, ಕಣ್ಣು, ಕೈಯ ಅಂದ ಎಲ್ಲ ಅದರಲ್ಲಿ ಕಾಣುತ್ತದೆ ಎಂಬ ನಂಬಿಕೆ. ಮದುವೆಯಾದ ಮೇಲೆ ಆ ಚಿತ್ರವೂ ಹುಡುಗಿಯ ಜೊತೆಗೆ ಹೋಗುತ್ತದೆ. ಗಿಳಿ, ಗುಲಾಬಿ, ಬಾತುಕೋಳಿ ಹಾಕಿದವರು ಬಹಳ ಜನ. ನನಗೆ ಮಾತ್ರ ಸೊಕ್ಕು. ಮೈಸೂರಿನ ಜವಳಿ ಅಂಗಡಿಯ ಕ್ಯಾಲೆಂಡರಿನಲ್ಲಿದ್ದ ತೈಲಚಿತ್ರವನ್ನೇ ಹಾಕುತ್ತೇನೆಂದು ಹೊರಟೆ. ಜರಿ ಸೀರೆಯ ಹೆಂಗಸೊಬ್ಬಳು ಹಣ್ಣಿನ ತಟ್ಟೆ ಹಿಡಿದು ಬಾಗಿಲಿಗೆ ಒರಗಿ ನಿಂತ ಚಿತ್ರ. ನಮ್ಮ ಸೋದರತ್ತೆ ಆಗಲೇ ಗಂಡಿನ ಕಡೆಯವರಿಗೆ, ನಮ್ಮ ಹುಡುಗಿ ಗಿಳಿ ಗಿಳಿ ಎನ್ನುವವಳಲ್ಲ, ದೊಡ್ಡ ಚಿತ್ರವನ್ನೇ ಹಾಕುತ್ತಿದ್ದಾಳೆ ಎಂದು ಹೇಳಿಯೂ ಬಂದಿದ್ದಳು. ಅವರು ಕೊಯ್ಲು ಮುಗಿದ ಮೇಲೆ ಬರುವುದೆಂದು ಗೊತ್ತಾಯಿತು.

ರೇಷ್ಮೆ ದಾರ ಬೇಕೆಂದೆ. ಅಜ್ಜಿ ಬಿಡಲಿಲ್ಲ. ಹುಳ ಕೊಂದ ನೂಲು ಈ ಹೊಸ್ತಿಲು ದಾಟಕೂಡದು ಎಂದಳು. ಹತ್ತಿಯ ದಾರದ ಲಡಿಗಳನ್ನು ಮೈಸೂರಿನಿಂದ ತರಿಸಿದರು. ಚಿತ್ರದ ಮೇಲೆ ತೆಳು ಕಾಗದ ಇಟ್ಟು ಗೆರೆ ಎಳೆದು, ಆ ಗೆರೆಯ ಉದ್ದಕ್ಕೂ ಸೂಜಿಯಿಂದ ಚುಚ್ಚಿ, ಕಾಗದವನ್ನು ಬಟ್ಟೆಯ ಮೇಲೆ ಹಾಸಿ ಸೀಮೆಎಣ್ಣೆಯಲ್ಲಿ ಕಲಸಿದ ನೀಲಿ ಒರೆಸಿದರೆ ತೂತುಗಳಿಂದ ಇಳಿದ ಚುಕ್ಕಿಗಳು ಬಟ್ಟೆಯ ಮೇಲೆ ಚಿತ್ರವಾಗಿ ಕೂರುತ್ತವೆ. ಅಲ್ಲಿಯವರೆಗೆ ನಾನು ಜಾಣೆ. ಸೀರೆಯ ಅರ್ಧದವರೆಗೂ ಜಾಣೆಯೇ. ಮುಖಕ್ಕೆ ಬಂದೆ, ಬಟ್ಟೆ ಸುರುಟಿಕೊಂಡಿತು. ಬಿಚ್ಚಿದೆ, ಹಾಕಿದೆ, ಮತ್ತೆ ಬಿಚ್ಚಿದೆ. ಹೆಂಗಸಿನ ಮುಖ ಹುಣಸೆಹಣ್ಣು ತಿಂದವರ ಹಾಗಾಯಿತು.

ಆ ಕಾಲದಲ್ಲಿ ನಮ್ಮ ಮನೆಯ ಗಂಡಸರಿಗೆ ಕಸೂತಿಯ ಚಿಂತೆ ಇರಲಿಲ್ಲ. ನಕ್ಸಲರು ಕಾಡಿನಲ್ಲಿದ್ದಾರೆ ಎಂಬ ಮಾತು ಬೆಳಗಿನ ಹಾಲಿನ ಜೊತೆಗೇ ಬರುತ್ತಿತ್ತು. ನಮ್ಮ ಹಾಗೆ ಭೂಮಿ ಇದ್ದವರನ್ನು ಜನ್ಮಿಗಳು ಎನ್ನುತ್ತಿದ್ದರು. ಅಂಥವರೊಬ್ಬರ ಪತ್ತಾಯ ಒಡೆದು, ಒಳಗಿದ್ದ ಭತ್ತವನ್ನೆಲ್ಲ ಗದ್ದೆಯ ಆಳುಗಳಿಗೆ ಹಂಚಿದರಂತೆ. ಅಪ್ಪ ಹೊಸ ಬೀಗ ತಂದರು. ದಾರಿಯಲ್ಲಿ ಪೊಲೀಸರ ಜೀಪು ಓಡಾಡತೊಡಗಿತು. ತಲೆಮಾರುಗಳಿಂದ ನಮ್ಮ ಗದ್ದೆಯಲ್ಲಿ ದುಡಿದವರನ್ನು ನೋಡುವ ನಮ್ಮವರ ನೋಟವೇ ಬೇರೆಯಾಯಿತು. ಹಾಡಿಯವರಿಗೆ ಒಂದು ಸೇರು ಉಪ್ಪು ಹೆಚ್ಚಿಗೆ ಕೊಟ್ಟರೂ ಯಾಕೆ ಕೊಟ್ಟೆ ಎಂದು ಕೇಳುವ ದಿನಗಳು.

ಕೊಯ್ಲಿಗೆ ಮೊದಲು ಮೊರ, ಕುಕ್ಕೆ ಸರಿಮಾಡಲು ಹಾಡಿಯಿಂದ ಒಬ್ಬಳು ಬರುತ್ತಿದ್ದಳು. ಸೊಂಟದ ಮೇಲೆ ಐದು ವರ್ಷದ ಒಂದು ಹೆಣ್ಣುಮಗು. ಹೊಸ್ತಿಲು ದಾಟುವ ಹಾಗಿಲ್ಲ, ಹಿಂಜಗಲಿಯ ಕೆಳಗೆ ಕೂತು ಹೆಣೆಯುವುದು. ನನಗಿಂತ ಹತ್ತು ವರ್ಷವಾದರೂ ದೊಡ್ಡವಳು. ನಾನು ಅವಳನ್ನು ನೀನು ಎನ್ನುತ್ತಿದ್ದೆ, ಅವಳು ನನ್ನನ್ನು ನೀವು ಎನ್ನುತ್ತಿದ್ದಳು. ಅದು ಸರಿಯಲ್ಲ ಎಂದು ನನಗೆ ಹೊಳೆಯಲೂ ಇಲ್ಲ. ಒಂದು ಮಧ್ಯಾಹ್ನ ನಾನು ದಾರ ಕಿತ್ತು ಬಿಸಾಕುವುದನ್ನು ನೋಡಿ ಅವಳು ಕೆಲಸ ನಿಲ್ಲಿಸಿದಳು.

‘ಚಿಕ್ಕವ್ವ, ನೂಲನ್ನ ಎಳೀಬಾರ್ದು. ಕೂರಿಸ್ಬೇಕು.’

‘ನಿನಗೇನು ಗೊತ್ತು ಇದೆಲ್ಲ?’

‘ಬಿದಿರು ಗೊತ್ತು. ನೂಲು ಬಿದಿರಿಗಿಂತ ಮೆತ್ತಗೆ ಅಲ್ವಾ.’

ಅತ್ತಿತ್ತ ನೋಡಿ ಬಟ್ಟೆಯನ್ನು ಕೆಳಗೆ ಕೊಟ್ಟೆ. ಸೆರಗಿನಲ್ಲಿ ಕೈ ಒರೆಸಿಕೊಂಡು ತೆಗೆದುಕೊಂಡಳು. ಆರೆಳೆಯ ದಾರವನ್ನು ಬಿಡಿಸಿ ಒಂದೆಳೆ ಮಾಡಿದಳು. ತಿಳಿ ಬಣ್ಣದ ಒಂದೆಳೆ, ಕಂದು ಬಣ್ಣದ ಒಂದೆಳೆ, ಎರಡನ್ನೂ ಒಂದೇ ಸೂಜಿಗೆ ಹಾಕಿದಳು. ಕೆನ್ನೆಯ ಮೇಲೆ ನಾಲ್ಕು ಹೊಲಿಗೆ ಬಿತ್ತು. ನೆರಳು ಬಂದು ಕೂತಿತು. ನಾನು ಉಸಿರು ಬಿಡದೆ ನೋಡಿದೆ. ಹೊಟ್ಟೆಕಿಚ್ಚಾಯಿತು, ಇಲ್ಲ ಎನ್ನಲಾರೆ.

ಕೊನೆಗೆ ಗಂಟು ಹಾಕು ಎಂದೆ. ಅವಳು ಬಟ್ಟೆ ತಿರುಗಿಸಿ, ದಾರದ ಕೊನೆಯನ್ನು ಮೂರು ಹೊಲಿಗೆಯ ಅಡಿಗೆ ತೂರಿಸಿ ಒಂದು ಹಿಂದಕ್ಕೆ ತಂದಳು.

‘ಹಿಂದುಗಡೆ ಯಾರು ನೋಡುತ್ತಾರೆ? ಗಂಟು ಹಾಕಿಬಿಡು.’

‘ಕುಕ್ಕೆಗೆ ಹಿಂದೆ ಮುಂದೆ ಅಂತ ಉಂಟಾ ಚಿಕ್ಕವ್ವ? ಒಳಗೆ ಗಂಟು ಇದ್ರೆ ನೆಲ್ಲು ಸಿಕ್ಕಾಕೊಳ್ತದೆ.’

ಪಡಸಾಲೆಯ ಗೋಡೆಗೆ ಹೋಗುವ ವಸ್ತುವನ್ನು ಹಾಡಿಯವಳು ಮುಟ್ಟಿದ್ದಾಳೆಂದು ಅಜ್ಜಿಗೆ ತಿಳಿದರೆ ಬಟ್ಟೆ ಒಲೆಗೆ ಹೋಗುತ್ತಿತ್ತು. ಹಾಗಾಗಿ ನಾನೇ ಉಪಾಯ ಹೂಡಿದೆ. ಬಟ್ಟೆ, ಲಡಿಗಳು, ಚುಚ್ಚಿದ ಕಾಗದ, ಕ್ಯಾಲೆಂಡರಿನ ಹಾಳೆ, ನನ್ನ ಹಿತ್ತಾಳೆ ಹಿಡಿಯ ಕತ್ತರಿ, ಎಲ್ಲವನ್ನೂ ಒಂದು ಗಂಟು ಕಟ್ಟಿ ಅವಳ ಕುಕ್ಕೆಯ ತಳಕ್ಕೆ ಇಟ್ಟೆ. ಗುಡಿಸಲಿಗೆ ಒಯ್ದು ಹಾಕಿಕೊಂಡು ಬಾ, ಯಾರಿಗೂ ಹೇಳಬೇಡ ಎಂದೆ. ಬದಲಿಗೆ ನನ್ನದೊಂದು ಹಳೆಯ ಸೀರೆ ಕೊಡುತ್ತೇನೆ ಎಂದೆ. ‘ಶರಿ’ ಎಂದಳು. ಮಧ್ಯೆ ಒಮ್ಮೆ ತಂದು ತೋರಿಸಿದಳು. ಮುಖ ಮುಗಿದಿತ್ತು, ತಟ್ಟೆ ಹಿಡಿದ ಕೈಯೂ ಮುಗಿದಿತ್ತು. ಮುಖ ಕ್ಯಾಲೆಂಡರಿನದೇ. ಕೈ ಅದಲ್ಲ. ಹೆಂಗಸಿನ ಬೆಣ್ಣೆಯಂಥ ಕೈಯ ಜಾಗದಲ್ಲಿ ಗೆಣ್ಣು ಎದ್ದ, ಉಗುರು ಒಡೆದ ಕೈ. ಇದೇನು ಹೀಗೆ ಮಾಡಿದೆ ಎಂದು ಸಿಡುಕಿದೆ.

ಅವಳು ತನ್ನ ಕೈಯನ್ನೂ ಚಿತ್ರವನ್ನೂ ನೋಡಿದಳು. ‘ತಟ್ಟೆ ತುಂಬ ಹಣ್ಣು ಉಂಟಲ್ಲ ಚಿಕ್ಕವ್ವ. ಆ ಕೈಯಲ್ಲಿ ಅಷ್ಟು ಭಾರ ನಿಲ್ಲೋದಿಲ್ಲ.’

ಬಿಚ್ಚಿ ಬೇರೆ ಹಾಕಲು ದಿನಗಳಿರಲಿಲ್ಲ. ಹಣ್ಣುಗಳು ಇನ್ನೂ ಬಾಕಿ. ಬೇಗ ಮುಗಿಸು ಎಂದು ಮತ್ತೆ ಗಂಟು ಕಟ್ಟಿ ಕಳಿಸಿದೆ.

ಗಂಡಿನವರು ಬರುವುದಕ್ಕೆ ಎರಡು ದಿನ ಇತ್ತು. ಬೆಳಗ್ಗೆ ಅತ್ತೆ ಪಡಸಾಲೆಯಲ್ಲಿ ಗೋಡೆಗೆ ಮೊಳೆ ಹೊಡೆಸುತ್ತಿದ್ದಳು. ಅಂಗಳದಲ್ಲಿ ಜೀಪು ನಿಂತಿತು. ಇನ್ಸ್‌ಪೆಕ್ಟರು ಇಳಿದರು, ಇಬ್ಬರು ಪೊಲೀಸರು ಇಳಿದರು, ಅವರ ನಡುವೆ ಅವಳು. ಮಗು ಜೊತೆಯಲ್ಲಿರಲಿಲ್ಲ. ಹಿಂದಿನ ದಿನ ಹಾಡಿಯ ಗುಡಿಸಲುಗಳನ್ನೆಲ್ಲ ಜಾಲಾಡಿದ್ದರಂತೆ. ಒಬ್ಬ ಪೊಲೀಸ್ ನನ್ನ ಗಂಟನ್ನು ಜಗಲಿಯ ಮೇಲೆ ಬಿಚ್ಚಿದ.

ಇನ್ಸ್‌ಪೆಕ್ಟರಿಗೆ ದಾರಕ್ಕಿಂತ ಕಾಗದದ ಚಿಂತೆ. ಸೂಜಿಯಿಂದ ಚುಚ್ಚಿದ ಆ ತೆಳು ಹಾಳೆಯನ್ನು ಬೆಳಕಿಗೆ ಹಿಡಿದು ಅಪ್ಪನಿಗೆ ತೋರಿಸಿದರು. ಚುಕ್ಕಿ ಚುಕ್ಕಿಯಾಗಿ ಸೀರೆಯ ಮಡಿಕೆಗಳು ಓಡುತ್ತಿದ್ದವು. ಇದು ಕಾಡಿನ ದಾರಿಯ ನಕ್ಷೆ, ಈ ದೊಡ್ಡ ದುಂಡು ಗುರುತುಗಳು ಪತ್ತಾಯಗಳು ಎಂದರು. ದುಂಡಾಗಿದ್ದದ್ದು ಹಣ್ಣುಗಳು. ಇನ್ನೊಂದು ಕಾಲದಲ್ಲಾದರೆ ಹೊಟ್ಟೆ ಹುಣ್ಣಾಗುವಷ್ಟು ನಗಬಹುದಿತ್ತು. ಅಪ್ಪನ ಮುಖ ಬಿಳಿಚಿಕೊಂಡಿತ್ತು. ಅವರು ಕತ್ತರಿಯನ್ನು ಗುರುತು ಹಿಡಿದಿದ್ದರು.

ಇವಳು ಕೆಲಸಕ್ಕೆ ಬರುವುದು ಈ ಮನೆಗಂತೆ, ಈ ಸಾಮಾನು ನಿಮ್ಮದೇನು, ಯಾರು ಕೊಟ್ಟದ್ದು ಎಂದು ಇನ್ಸ್‌ಪೆಕ್ಟರು ಕೇಳಿದರು. ಅಪ್ಪ ನನ್ನನ್ನು ನೋಡಿದರು. ಅತ್ತೆ ಬಾಗಿಲಲ್ಲಿ ಸುತ್ತಿಗೆ ಹಿಡಿದು ನಿಂತಿದ್ದಳು. ಅಜ್ಜಿ ಒಳಗಿನಿಂದ ಬಂದಳು. ನಾನು ಕೊಟ್ಟೆ ಎಂದು ಹೇಳಿದ್ದರೆ ಏನಾಗುತ್ತಿತ್ತು? ಕಸೂತಿ ನನ್ನದಲ್ಲ ಎಂದು ಅತ್ತೆಗೆ ಗೊತ್ತಾಗುತ್ತಿತ್ತು. ಸಂಬಂಧ ಮುರಿಯುತ್ತಿತ್ತು. ಅಪ್ಪನನ್ನು ನಾಲ್ಕು ಪ್ರಶ್ನೆ ಕೇಳುತ್ತಿದ್ದರು. ಅಷ್ಟೇ. ಅಷ್ಟೇ ಎಂದು ಈಗ ಬರೆಯುತ್ತಿದ್ದೇನೆ. ಅಂದು ಅದು ಆಕಾಶವೇ ಕಳಚಿ ಬಿದ್ದಂತೆ ಕಂಡಿತು.

‘ಎನ್ಟೇದಾಣ್’ ಎಂದೆ ಮಲಯಾಳದಲ್ಲಿ. ನನ್ನದು. ‘ಜಗಲಿಯ ಮೇಲೆ ಇಟ್ಟಿದ್ದೆ. ಕಾಣಾದೆ ಪೋಯದಾಣ್.’ ಕಾಣೆಯಾಗಿತ್ತು.

ಕದ್ದಳು ಎಂಬ ಮಾತನ್ನು ನಾನು ಆಡಲಿಲ್ಲ. ಎಷ್ಟೋ ವರ್ಷ ಇದನ್ನೇ ನನಗೆ ನಾನು ಹೇಳಿಕೊಂಡೆ. ಆಡಬೇಕಾದ ಅಗತ್ಯವೇ ಇರಲಿಲ್ಲ, ಉಳಿದದ್ದನ್ನು ಅವರೇ ತುಂಬಿಕೊಂಡರು. ಇನ್ಸ್‌ಪೆಕ್ಟರು ಅವಳ ಕಡೆ ತಿರುಗಿ, ಹೌದೇನು ಎಂದು ಗದರಿದರು. ಅವಳು ಯಾವಾಗ ಬಾಯಿಬಿಡುತ್ತಾಳೋ ಎಂದು ನಾನು ಕಾಲಬೆರಳು ನೋಡುತ್ತ ನಿಂತೆ. ಚಿಕ್ಕವ್ವನೇ ಕೊಟ್ಟದ್ದು ಎಂದು ಅವಳು ಹೇಳಲಿಲ್ಲ. ಯಾರಿಗೂ ಹೇಳಬೇಡ ಎಂದು ನಾನೇ ಹೇಳಿದ್ದೆನಲ್ಲ. ಅವಳು ಜಗಲಿಯ ಮೇಲೆ ಬಿದ್ದ ಬಟ್ಟೆಯನ್ನು ನೋಡುತ್ತಿದ್ದಳು. ಕೊನೆಯ ಹಣ್ಣಿನಿಂದ ಕಿತ್ತಳೆ ಬಣ್ಣದ ದಾರ ಜೋತುಬಿದ್ದಿತ್ತು.

‘ಕೊನೆ ಸಿಕ್ಕಿಸಿಲ್ಲ ಚಿಕ್ಕವ್ವ’ ಎಂದಳು. ‘ಎಳೆದ್ರೆ ಬಿಚ್ಚಿಹೋಗ್ತದೆ.’

ಅವಳ ಮಾತು ಇನ್ಸ್‌ಪೆಕ್ಟರಿಗೆ ತಿಳಿಯಲಿಲ್ಲ. ಏನಂತೆ ಎಂದು ನನ್ನನ್ನು ಕೇಳಿದರು.

ಏನೂ ಇಲ್ಲ ಸಾರ್ ಎಂದೆ.

ಅವಳನ್ನು ಜೀಪಿಗೆ ಹತ್ತಿಸಿದರು. ಚುಚ್ಚಿದ ಕಾಗದವನ್ನು ನಕ್ಷೆಯೆಂದೇ ಒಯ್ದರು, ಅದು ಕಸೂತಿಯ ಗೆರೆ ಎಂದು ನಾನು ಬಿಡಿಸಿ ಹೇಳಲಿಲ್ಲ. ಉಳಿದದ್ದನ್ನು ನಮಗೇ ಬಿಟ್ಟರು. ಮುಟ್ಟಿದ ಬಟ್ಟೆಯಾದರೂ ಎರಡೇ ದಿನ ಉಳಿದಿದ್ದರಿಂದ ಅಜ್ಜಿ ಅದನ್ನು ಒಲೆಗೆ ಹಾಕದೆ, ನೀರು ಚಿಮುಕಿಸಿ ಒಳಗೆ ತಂದಳು. ನಾನು ಬಾಗಿಲು ಹಾಕಿಕೊಂಡು ಕೂತು, ಆ ಕಿತ್ತಳೆ ದಾರಕ್ಕೆ ಒಂದು ಗಂಟು ಹಾಕಿದೆ. ಚಿತ್ರದ ಆ ಭಾಗದಲ್ಲಿ ನನ್ನದು ಅದೊಂದೇ. ಆಮೇಲೆ ಹಿಂದಕ್ಕೆ ರಟ್ಟು ಅಂಟಿಸಿದೆ, ಯಾಕೆಂದರೆ ತಿರುಗಿಸಿ ನೋಡಿದ ಯಾರಿಗಾದರೂ ಎರಡು ಕೈ ಕಾಣುತ್ತಿತ್ತು. ಸೀರೆಯ ಬೆನ್ನಿನಲ್ಲಿ ನನ್ನ ಗಂಟುಗಳ ಸಂತೆ, ಮುಖ, ಕೈ, ಹಣ್ಣಿನ ಬೆನ್ನಿನಲ್ಲಿ ಒಂದೂ ಇಲ್ಲ.

ಗಂಡಿನವರು ಬಂದರು. ಭಾವೀ ಅತ್ತೆ ಕನ್ನಡಕ ಹಾಕಿಕೊಂಡು ಚಿತ್ರದ ಎದುರು ನಿಂತರು. ಮುಖ ಲಕ್ಷಣವಾಗಿದೆ, ಕೈ ಮಾತ್ರ ಯಾಕೋ ಕೂಲಿಯವಳ ಕೈಯ ಹಾಗಿದೆ ಎಂದರು. ಅದೊಂದು ನನಗೆ ಸರಿಯಾಗಿ ಬರಲಿಲ್ಲ ಅತ್ತೆ ಎಂದು ತಲೆ ತಗ್ಗಿಸಿದೆ. ನನ್ನ ವಿನಯ ಅವರಿಗೆ ಬಹಳ ಹಿಡಿಸಿತು. ಅಂದು ತಪ್ಪು ಎಂದು ಒಪ್ಪಿಕೊಂಡ ಅದೇ ಕೈಯನ್ನು ಮೂವತ್ತು ವರ್ಷಗಳ ಮೇಲೆ ಕಲೆ ಎಂದು ಹೆಸರು ಹಾಕಿ ಮಾರಿದೆ.

ಮೂರು ವಾರದ ಮೇಲೆ ಅವಳನ್ನು ಬಿಟ್ಟರು. ಬಲಗೈಯ ಬೆರಳುಗಳು ನೆಟ್ಟಗೆ ನಿಂತಿದ್ದವು, ಮಡಚುತ್ತಿರಲಿಲ್ಲ. ನಕ್ಷೆ ಕೊಟ್ಟವರ ಹೆಸರು ಹೇಳು ಎಂದು ಕೇಳಿದರಂತೆ. ಹೇಳಲು ಅವಳ ಹತ್ತಿರ ಇದ್ದದ್ದು ಒಂದೇ ಹೆಸರು, ನನ್ನದು. ಅದನ್ನು ಹೇಳಿರಲಿಲ್ಲ. ಮದುವೆಗೆ ವಾರ ಇರುವಾಗ ಗದ್ದೆಯ ಬದುವಿನ ಮೇಲೆ ಎದುರಾದಳು. ಎಡಗೈಯಲ್ಲಿ ಕೊಡ ಹಿಡಿದಿದ್ದಳು. ನಮ್ಮ ಮನೆಯವರು ಬಂದರೆ ಹಾಡಿಯವರು ಬದು ಬಿಟ್ಟು ಕೆಸರಿಗೆ ಇಳಿಯಬೇಕು, ಅದು ರೂಢಿ. ಅವಳು ಇಳಿದಳು. ನಾನು ಬದುವಿನ ಮೇಲೆ ನಡೆದುಹೋದೆ. ಕೊಡುತ್ತೇನೆಂದ ಹಳೆಯ ಸೀರೆಯನ್ನೂ ಕೊಡಲಿಲ್ಲ. ಹುಳ ಸಾಯುತ್ತದೆಂದು ರೇಷ್ಮೆ ಮುಟ್ಟದ ಮನೆಯ ಹುಡುಗಿ ನಾನು.

ಗಂಡ ಒಳ್ಳೆಯವರು. ಬತ್ತೇರಿ ಪೇಟೆಯಲ್ಲಿ ಮನೆ. ಅವರಿಗೂ ಇದನ್ನು ಹೇಳಲಿಲ್ಲ. ಅವರು ತೀರಿಕೊಂಡ ಮೇಲೆ ಹೊತ್ತು ಹೋಗದೆ ಮತ್ತೆ ಸೂಜಿ ಹಿಡಿದೆ, ಗೋಡೆಯ ಮೇಲಿನ ಆ ಕೈಯನ್ನೇ ನೋಡಿಕೊಂಡು ಬೇರೆ ಬೇರೆ ಚಿತ್ರಗಳಿಗೆ ಹಾಕತೊಡಗಿದೆ. ಜನ ಮೆಚ್ಚಿದರು. ಎಷ್ಟೋ ವರ್ಷಗಳ ಮೇಲೆ ಹಾಡಿಗಳ ಜನ ಭೂಮಿ ಕೇಳಿ ಕಾಡಿನೊಳಗೆ ಗುಡಿಸಲು ಹಾಕಿ ಕೂತರು, ಪೊಲೀಸರು ಅವರನ್ನು ಅಲ್ಲಿಂದ ಎಬ್ಬಿಸಿದರು, ಟಿ.ವಿ.ಯಲ್ಲಿ ತೋರಿಸಿದರು. ನಾನು ಕುರ್ಚಿ ಹತ್ತಿರಕ್ಕೆ ಎಳೆದುಕೊಂಡು, ಓಡುವ ಹೆಂಗಸರ ನಡುವೆ ಬೆರಳು ಮಡಚದ ಒಂದು ಕೈಯನ್ನು ಹುಡುಕಿದೆ. ಕಾಣಲಿಲ್ಲ. ಕಾಣದ್ದಕ್ಕೆ ಸಮಾಧಾನವಾಯಿತು. ಆ ತಿಂಗಳು ಒಂದು ದೊಡ್ಡ ಚಿತ್ರ ಹಾಕಿದೆ, ಅದಕ್ಕೆ ಪ್ರಶಸ್ತಿಯೂ ಬಂತು. ಹೀಗಿದೆ ನನ್ನ ಕಥೆ.

ಕೊಚ್ಚಿಯಿಂದ ಮರಳಿದ ಮೇಲೆ ನಾಲ್ಕು ದಿನ ಆ ಮೊರವನ್ನು ಎದುರಿಗೆ ಇಟ್ಟುಕೊಂಡು ಕೂತೆ. ಐದನೆಯ ದಿನ ಗೋಡೆಯಿಂದ ಚಿತ್ರ ಇಳಿಸಿ, ಬೆಡ್‌ಶೀಟಿನಲ್ಲಿ ಸುತ್ತಿ, ಆಟೋ ಹಿಡಿದು ಕೇಣಿಚಿರಕ್ಕೆ ಹೋದೆ. ಕವಲಿನಲ್ಲಿ ಕೇಳಿದರೆ ಬುಟ್ಟಿಯವರ ಮನೆ ತೋರಿಸಿದರು. ಸಿಮೆಂಟಿನ ಪುಟ್ಟ ಮನೆ, ಮುಂದೆ ಬಿದಿರಿನ ರಾಶಿ. ಮಗಳು ಅಂಗಳದಲ್ಲಿ ಕೂತು ಸೀಳುತ್ತಿದ್ದಳು. ಒಳಗೆ ಬನ್ನಿ ಟೀಚರ್ ಎಂದಳು. ಆ ಹೊಸ್ತಿಲನ್ನು ನಾನು ಎಷ್ಟು ಸಲೀಸಾಗಿ ದಾಟಿದೆ ಎಂಬುದು ಕೂತ ಮೇಲೆ ನೆನಪಾಯಿತು.

ಕತ್ತರಿಯಿಂದ ಟೇಪು ಕೊಯ್ದು, ಕಾಗದ ಹರಿದು, ರಟ್ಟು ಕಿತ್ತೆ. ಬೆನ್ನು ಮೇಲೆ ಮಾಡಿ ಅವಳ ಮಡಿಲಿಗೆ ಕೊಟ್ಟೆ. ಅವಳು ಬೆರಳಾಡಿಸಿದಳು. ನನ್ನ ಗಂಟುಗಳನ್ನು ದಾಟಿ ಮುಖದ ಹತ್ತಿರ ಬಂದು ಬೆರಳು ನಿಂತಿತು.

‘ಇದು ಅವ್ವ ಸಿಕ್ಕಿಸಿದ್ದು’ ಎಂದಳು. ತಲೆ ಎತ್ತಿದಳು. ‘ಇದೇನಾ, ಅವ್ವ ಕದ್ದದ್ದು ಅಂತ ಹೇಳಿದ್ದು?’

‘ಅವಳು ಕದ್ದಿಲ್ಲ. ಅವರು ಕದ್ದಿಲ್ಲ. ನಾನೇ ಕೊಟ್ಟಿದ್ದೆ, ಹಾಕಿಕೊಡು ಅಂತ. ಪೊಲೀಸರು ಕೇಳಿದಾಗ ಕಾಣೆಯಾಗಿತ್ತು ಅಂದೆ.’

ಇಷ್ಟನ್ನು ಹೇಳಲು ಅರ್ಧ ನಿಮಿಷ ಸಾಕಾಯಿತು. ಅವಳು ಬಯ್ಯುತ್ತಾಳೆ, ಅಳುತ್ತಾಳೆ, ಇಲ್ಲವೇ ಅವ್ವನಿಗೆ ನಿಮ್ಮ ಮೇಲೆ ಸಿಟ್ಟಿರಲಿಲ್ಲ ಎನ್ನುತ್ತಾಳೆ ಎಂದು ದಾರಿಯುದ್ದಕ್ಕೂ ಲೆಕ್ಕ ಹಾಕಿಕೊಂಡು ಬಂದಿದ್ದೆ. ಕೊನೆಯದಕ್ಕಾಗಿ ಆಸೆಪಟ್ಟಿದ್ದೆ ಕೂಡ, ನಾಚಿಕೆಯಿಲ್ಲದೆ.

ಅವಳು ಆ ಹೊಲಿಗೆಗಳ ಮೇಲೆ ಇನ್ನೊಮ್ಮೆ ಬೆರಳಾಡಿಸಿದಳು. ಆಮೇಲೆ ಮೆಲ್ಲಗೆ ಹೇಳಿದಳು. ‘ಶಾಲೆಯಲ್ಲಿ ನನ್ನನ್ನ ಕಳ್ಳಿ ಮಗಳು ಅಂತ ಕರೀತಿದ್ರು. ಅವ್ವ ಕದ್ದಿಲ್ಲ ಮಗಾ ಅಂತಿದ್ಲು. ಮತ್ತೆ ಹೇಗೆ ಬಂತು ಅಂದ್ರೆ ಬಾಯಿ ಮುಚ್ಚಿಕೊಳ್ಳೋಳು. ಶಾಲೆ ಬಿಟ್ಟೆ. ದೊಡ್ಡವಳಾದ ಮೇಲೆ ಜಗಳ ಬಂದಾಗೆಲ್ಲ ನಾನೂ ಅದನ್ನೇ ಎತ್ತಿ ಆಡಿದೆ. ಕದ್ದೋಳು ನೀನು, ನನಗೇನು ಬುದ್ಧಿ ಹೇಳ್ತೀಯ ಅಂತ. ಸಾಯೋ ವರೆಗೂ ನಾನು ಅವ್ವನ್ನ ನಂಬಲಿಲ್ಲ ಟೀಚರ್.’

ಬೆರಳು ಮುರಿಸಿದ ಪಾಪ ನನ್ನದೆಂದು ಐವತ್ತು ವರ್ಷದಿಂದ ಗೊತ್ತಿತ್ತು. ಇದು ಗೊತ್ತಿರಲಿಲ್ಲ. ಕ್ಷಮಿಸು ಎಂಬ ಮಾತನ್ನು ಬಾಯಲ್ಲಿ ಇಟ್ಟುಕೊಂಡು ಹೋಗಿದ್ದೆ. ಅದನ್ನು ಅಲ್ಲಿ ಆಡುವುದಕ್ಕೇ ನಾಚಿಕೆಯಾಯಿತು.

ಅವಳು ಚಿತ್ರವನ್ನು ತಿರುಗಿಸಿ ಮುಂಬದಿ ನೋಡಿದಳು. ಜರಿ ಸೀರೆಯನ್ನಾಗಲಿ ಮುಖವನ್ನಾಗಲಿ ನೋಡಲಿಲ್ಲ. ಗಾಜಿನ ಮೇಲೆ, ತಟ್ಟೆ ಹಿಡಿದ ಕೈಯ ಮೇಲೆ ತನ್ನ ಕೈ ಇಟ್ಟಳು.

‘ಅವ್ವನ ಕೈ’ ಎಂದಳು. ‘ಮುರಿಯೋ ಮೊದಲಿನದು. ನನಗೆ ನೆನಪೇ ಇರಲಿಲ್ಲ.’

ಗಾಜು ತೆಗೆಯಲು ಹೇಳಿದಳು. ತೆಗೆದುಕೊಟ್ಟೆ. ಬೆನ್ನು ತಿರುಗಿಸಿ, ಕೊನೆಯ ಹಣ್ಣಿನ ಹಿಂದಿದ್ದ ಕಿತ್ತಳೆ ಗಂಟನ್ನು ಹುಡುಕಿ ಉಗುರಿನಿಂದ ಬಿಡಿಸಿದಳು. ಸೂಜಿ ಕೇಳಲಿಲ್ಲ. ಬಿದಿರಿನ ಒಂದು ಚೂರನ್ನು ಚೂಪು ಮಾಡಿ, ದಾರದ ಕೊನೆಯನ್ನು ಮೂರು ಹೊಲಿಗೆಯ ಅಡಿಗೆ ತೂರಿಸಿ ಒಂದು ಹಿಂದಕ್ಕೆ ತಂದಳು. ಆಮೇಲೆ ಎದ್ದು ನಿಂತಳು.

‘ಅಂಗಳಕ್ಕೆ ಬನ್ನಿ. ಇನ್ನೊಂದು ಸಲ ಹೇಳಿ.’

ಅಕ್ಕಪಕ್ಕದವರನ್ನು ಕರೆದಳು. ಅವಳ ಮಗ, ಸೊಸೆ, ಪಕ್ಕದ ಮನೆಯ ಇಬ್ಬರು ಹೆಂಗಸರು, ಕೋಲೂರಿಕೊಂಡು ಅವಳ ಸೋದರಮಾವ. ಮಕ್ಕಳೂ ಸೇರಿ ಎಂಟು ಜನ ಇದ್ದರೋ ಏನೋ. ಮೈಕು ಹಿಡಿದು ನೂರಾರು ಜನರ ಎದುರು ಮಾತಾಡಿದವಳು ನಾನು. ಅಲ್ಲಿ ಸೆರಗು ಸರಿಮಾಡಿಕೊಳ್ಳುತ್ತ ನಿಂತೆ. ಕನ್ನಡದಲ್ಲಿ ಹೇಳಿದೆ. ಮುದುಕ ತಲೆಯಾಡಿಸಿದ. ಮಗ, ಸೊಸೆ ಮುಖ ಮುಖ ನೋಡಿಕೊಂಡರು.

‘ಇವರಿಗೆ ನಮ್ಮ ಮಾತು ಅಷ್ಟು ತಿಳಿಯೋದಿಲ್ಲ ಟೀಚರ್’ ಎಂದಳು ಅವಳು. ‘ಮಲಯಾಳದಲ್ಲಿ ಹೇಳಿ. ಅವತ್ತು ಪೊಲೀಸರಿಗೆ ನೀವು ಹೇಳಿದ್ದೂ ಮಲಯಾಳದಲ್ಲೇ ಅಲ್ವಾ.’

ಅಂದು ಜಗಲಿಯ ಮೇಲೆ ಆ ಸುಳ್ಳು ಎಷ್ಟು ಸಲೀಸಾಗಿ ಬಂದಿತ್ತು. ಈಗ ಎರಡು ಸಲ ತೊದಲಿದೆ. ಅವಳು ಚಿತ್ರವನ್ನು ಎದೆಗೆ ಅವಚಿಕೊಂಡು, ಮುಗಿಯುವವರೆಗೂ ಬಿಡುವುದಿಲ್ಲ ಎನ್ನುವಂತೆ ನನ್ನನ್ನೇ ನೋಡುತ್ತ ನಿಂತಿದ್ದಳು.

‘ಕಾಣಾದೆ ಪೋಯದಲ್ಲ’ ಎಂದೆ. ಕಾಣೆಯಾದದ್ದಲ್ಲ. ‘ಞಾನ್ ಕೊಡುತ್ತದಾಣ್.’ ನಾನು ಕೊಟ್ಟದ್ದು.

‘ಜೋರಾಗಿ’ ಎಂದಳು.